ನಿಲ್ಲಿಸದ ಮಗ್ಗ

ಈ ವರ್ಷ ಎಂಟನೇ ತರಗತಿಗೆ ಘರ್ಷಣೆಯ ಪಾಠವನ್ನು ನಾನು ಮಾಡಲಿಲ್ಲ. ಗಂಟಲು ಸರಿಯಿಲ್ಲ ಎಂದು ನೆಪ ಹೇಳಿ ಗಣಿತದ ಮೇಡಂ ಅವರಿಗೆ ಆ ಪಾಠ ಬಿಟ್ಟುಕೊಟ್ಟೆ. ಅವರು ನಂಬಿದರೋ ಇಲ್ಲವೋ, ಪುಸ್ತಕ ಇಸಿದುಕೊಂಡರು. ಹೋದ ವರ್ಷ ಶ್ರಾವಣದಲ್ಲಿ ನಮ್ಮ ಮನೆಯವರ ಬಲಗೈಯ ಮೂರು ಬೆರಳು ಮಗ್ಗದ ಪಟ್ಟಾಕ್ಕೆ, ಅಂದರೆ ಬೆಲ್ಟಿಗೆ, ಸಿಕ್ಕು ಹೋದದ್ದು ಜಮಖಂಡಿಯ ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಅದರಲ್ಲಿ ನನ್ನ ಪಾಲೆಷ್ಟು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನನಗೂ ಪೂರ್ತಿ ಗೊತ್ತಿರಲಿಲ್ಲ.

ಹದಿನೈದು ವರ್ಷ ಆ ಪಾಠವನ್ನು ಜಂಬದಿಂದ ಮಾಡಿದವಳು ನಾನು. ಮೇಜಿನ ಮೇಲೊಂದು ಇಟ್ಟಿಗೆ, ಅದಕ್ಕೊಂದು ದಾರ, ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ. ಎಳೆಯುತ್ತಾ ಹೋದಂತೆ ಮುಳ್ಳು ಏರುತ್ತದೆ, ಇಟ್ಟಿಗೆ ಮಾತ್ರ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಒಂದು ಗಳಿಗೆಯಲ್ಲಿ ತಟ್ಟನೆ ಅಲುಗುತ್ತದೆ. ಅಲುಗಿದ ಕೂಡಲೇ ಮುಳ್ಳು ಇಳಿಯುತ್ತದೆ. ನಿಂತದ್ದನ್ನು ಅಲುಗದಂತೆ ಹಿಡಿಯುವುದು ಸ್ಥಾಯಿ ಘರ್ಷಣೆ, ಜಾರುತ್ತಿರುವುದನ್ನು ತಡೆಯುವುದು ಜಾರು ಘರ್ಷಣೆ. ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ. ಪುಸ್ತಕ ಇಷ್ಟಕ್ಕೆ ಮುಗಿಸುತ್ತದೆ. ನಾನು ಮುಗಿಸುತ್ತಿರಲಿಲ್ಲ. ಬನಹಟ್ಟಿಯ ನಮ್ಮ ಮನೆಯ ಮಗ್ಗವನ್ನು ಕರಿಹಲಗೆಯ ಮೇಲೆ ಬರೆದು, ಸೀರೆಯಲ್ಲಿ ಗೆರೆ ಯಾಕೆ ಬೀಳುತ್ತದೆ ಎಂದು ವಿವರಿಸುತ್ತಿದ್ದೆ.

ನೇಕಾರರ ಮನೆಯಲ್ಲಿ ಗೆರೆ ಎಂಬುದು ಕೆಟ್ಟ ಮಾತು. ಉದ್ದಕ್ಕೆ ಹಾಯುವ ಹಾಸಿನ ನೂಲು ಸುತ್ತಿದ ದಪ್ಪ ಉರುಳೆಯನ್ನು ಒಂದು ಹಗ್ಗ ಬಿಗಿಹಿಡಿದಿರುತ್ತದೆ. ಹಗ್ಗದ ತುದಿಗೆ ತೂಕ ಕಟ್ಟಿರುತ್ತಾರೆ. ಮಗ್ಗ ನಡೆಯುವಾಗ ಉರುಳೆ ಆ ಹಗ್ಗದಡಿ ಹದವಾಗಿ ಜಾರುತ್ತಾ ನೂಲು ಬಿಡುತ್ತಿರುತ್ತದೆ. ಲಾಳಿಯೊಳಗಿನ ನೂಲಿನ ಕಂಡಿಕೆ ಬದಲಿಸಲು ಗಳಿಗೆ ಮಟ್ಟಿಗೆ ನಿಲ್ಲಿಸಿದರೆ ಕೈಚಳಕದಿಂದ ಸರಿಹೋಗುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ನಿಂತಿತೋ, ಹಗ್ಗ ಕಚ್ಚಿಕೊಳ್ಳುತ್ತದೆ. ಮತ್ತೆ ಚಾಲೂ ಮಾಡಿದಾಗ ಮೊದಲು ಬಿಡುವುದಿಲ್ಲ, ಆಮೇಲೆ ಜಗ್ಗನೆ ಬಿಡುತ್ತದೆ. ಅಷ್ಟರಲ್ಲಿ ಸೀರೆಯ ಅಡ್ಡಕ್ಕೆ ಕೂದಲೆಳೆಯಷ್ಟು ಗೆರೆ ಬಿದ್ದಿರುತ್ತದೆ. ಉಡುವವರ ಕಣ್ಣಿಗೆ ಅದು ಬೀಳುವುದಿಲ್ಲ, ವ್ಯಾಪಾರಿಯ ಕಣ್ಣಿಗೆ ಬೇರೇನೂ ಬೀಳುವುದಿಲ್ಲ.

ನಾನು ಮುಧೋಳದವಳು. ತವರಿನಲ್ಲಿ ಯಾರೂ ಮಗ್ಗ ಮುಟ್ಟಿದವರಲ್ಲ. ಮದುವೆಯಾದ ಹೊಸತರಲ್ಲಿ ಎರಡು ಮಗ್ಗಗಳ ಖಟಖಟದ ನಡುವೆ ಈ ಜನ ಮಾತು ಹೇಗೆ ಆಡುತ್ತಾರೆ ಎಂದು ಕಂಗಾಲಾಗಿದ್ದೆ. ಆಡುವುದೇ ಇಲ್ಲ, ಎಲ್ಲಾ ಕೈಸನ್ನೆ. ಐದು ಬೆರಳು ಕೂಡಿಸಿ ಬಾಯಿಗೆ ತಂದರೆ ಊಟ. ಅಂಗೈ ಎತ್ತಿ ಹಿಡಿದರೆ ನಿಲ್ಲಿಸು. ಅಂಗೈ ಕೆಳಗೆ ಮಾಡಿ ಎರಡು ಸಲ ಮುಂದಕ್ಕೆ ತಳ್ಳಿದರೆ ನಿಲ್ಲಿಸಬೇಡ, ನಡೆಯಲಿ. ಕಲಿಯಲು ನನಗೆ ವರ್ಷ ಹಿಡಿಯಿತು. ಕಲಿತ ಮೇಲೆ ಜಗಳವನ್ನೂ ಹಾಗೆಯೇ ಆಡಿದೆ. ನಾನು ಎರಡೂ ಕೈಯಿಂದ ಬೈಯುತ್ತಿದ್ದರೆ ಇವರು ಮುಖ ತಿರುಗಿಸಿ ನೂಲು ನೋಡುತ್ತಾ ನಿಂತುಬಿಡುತ್ತಿದ್ದರು. ಕಿವುಡರಿಗೆ ಬೈದರೂ ಅಷ್ಟು ಸಿಟ್ಟು ಬರಲಿಕ್ಕಿಲ್ಲ.

ಏಳನೇ ಇಯತ್ತೆಗೆ ಶಾಲೆ ಬಿಟ್ಟವರು ಇವರು. ಗೆರೆಯ ಹಿಂದಿನ ವಿಜ್ಞಾನವನ್ನು ನಾನು ಮೊದಲ ಸಲ ಬಿಡಿಸಿ ಹೇಳಿದಾಗ ತುಟಿಯಂಚಿನಲ್ಲಿ ನಕ್ಕು, ಪಾಪ, ಇಷ್ಟು ದಿನ ಅದು ಹೆಸರಿಲ್ಲದೇ ಬಿದ್ದಿತ್ತು ಎಂದರು. ಆದರೆ ಮರುದಿನವೇ ಓಣಿಯ ನಾಲ್ಕು ಮಂದಿಗೆ ಅದನ್ನೇ ಹೇಳಿಕೊಂಡು ಬಂದರು. ಅಂದಿನಿಂದ ಹಗ್ಗಕ್ಕೆ ಯಾವ ಪುಡಿ ಹಚ್ಚಬೇಕು, ಎಲ್ಲಿಗೆ ಎಷ್ಟು ಎಣ್ಣೆ ಬಿಡಬೇಕು ಎಂದು ನನ್ನನ್ನು ಕೇಳತೊಡಗಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವಳಂತೆ ಹೇಳುತ್ತಿದ್ದೆ.

ಹೋದ ಶ್ರಾವಣದಲ್ಲಿ ಮೂರು ದಿನ ಬಿಡದೇ ಜಿಟಿಜಿಟಿ ಮಳೆ ಹಿಡಿದಿತ್ತು. ಥಂಡಿಗೆ ಮೋಟಾರಿನಿಂದ ಮಗ್ಗಕ್ಕೆ ಬರುವ ಪಟ್ಟಾ ಜಾರುತ್ತಿತ್ತು. ಒಮ್ಮೆ ಜಾರಲು ಶುರುವಾದರೆ ಅದರ ಹಿಡಿತ ಇನ್ನೂ ಕಡಿಮೆಯಾಗುತ್ತದೆ. ಅದಕ್ಕೆ ಮದ್ದು ಅಂಟಂಟಾದ ರಾಳ. ಮೋಟಾರು ಬಂದ್ ಮಾಡಿ, ಪಟ್ಟಾ ಒರೆಸಿ, ಒಳಬದಿಗೆ ರಾಳ ತಿಕ್ಕಬೇಕು. ಅವಸರದವರು ಓಡುವ ಪಟ್ಟಾಕ್ಕೇ ರಾಳದ ಗಟ್ಟಿಯನ್ನು ಒತ್ತಿ ಹಿಡಿಯುತ್ತಾರೆ. ಇವರು ಎಂದೂ ಹಾಗೆ ಮಾಡಿದವರಲ್ಲ. ಪುಕ್ಕಲು ಎಂದು ಓಣಿಯವರು ಕಾಡಿಸುತ್ತಿದ್ದರು, ನಾನೂ ಕಾಡಿಸಿದ್ದೇನೆ.

ಅವತ್ತು ಸಂಜೆ ಜಮಖಂಡಿಯಿಂದ ಬಸ್ಸಿನಲ್ಲಿ ನಿಂತೇ ಬಂದು, ತೊಯ್ದು ತೊಪ್ಪೆಯಾಗಿ ಬಾಗಿಲಿಗೆ ಬಂದೆ. ಗೆರೆ ಬಿದ್ದಿದೆ ಎಂದು ವ್ಯಾಪಾರಿ ಎರಡು ಸೀರೆ ತಿರುಗಿ ಕಳಿಸಿದ್ದ. ಮರುದಿನ ಮುಂಜಾನೆ ಕೊಡಬೇಕಾದ ಬದಲಿ ಸೀರೆ ಓಡುವ ಮಗ್ಗದ ಮೇಲಿತ್ತು. ಇವರ ಬಲಗೈಯಲ್ಲಿ ರಾಳವಿತ್ತು, ಎಡಗೈ ಮೋಟಾರಿನ ಸ್ವಿಚ್ಚಿನ ಮೇಲಿತ್ತು. ನನ್ನ ಕಡೆ ನೋಡಿದರು. ಈಗ ನಿಲ್ಲಿಸಿ ಇದಕ್ಕೂ ಗೆರೆ ಬಿದ್ದರೆ ಮತ್ತೆ ಮನೆಯಲ್ಲಿ ಅದೇ ರಾಮಾಯಣ ಎಂದು ನನಗೆ ರೇಗಿತು. ಅಂಗೈ ಕೆಳಗೆ ಮಾಡಿ ಎರಡು ಸಲ ಮುಂದಕ್ಕೆ ತಳ್ಳಿದೆ. ನಿಂತು ನೋಡಲೂ ಇಲ್ಲ, ತಲೆ ಒರೆಸಿಕೊಳ್ಳಲು ಒಳಗೆ ಹೋದೆ.

ಟವೆಲು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಮಗ್ಗದ ಸದ್ದು ಎಡವಿತು. ಓಡಿ ಬಂದೆ. ಪಟ್ಟಾ ಹಿಡಿಯಲಿ ಎಂದು ಹಚ್ಚಿದ ರಾಳ ಬೆರಳನ್ನೂ ಹಿಡಿದು ಪಟ್ಟಾ ಸುತ್ತುವ ಗಾಲಿಯೊಳಕ್ಕೆ ಎಳೆದುಕೊಂಡಿತ್ತು. ಸ್ವಿಚ್ಚು ಒತ್ತಿ ಮೋಟಾರು ಬಂದ್ ಮಾಡಿದ್ದು ನಾನೇ. ಇವರು ಕೂಗಲೂ ಇಲ್ಲ. ಕೂಗಿದ್ದರೂ ಆ ಸದ್ದಿನಲ್ಲಿ ನನಗೆ ಕೇಳಿಸುತ್ತಿರಲಿಲ್ಲ. ಜಮಖಂಡಿಯ ಆಸ್ಪತ್ರೆಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿಸಿದರು. ನಡುವಿನ ಮೂರು ಉಳಿಯಲಿಲ್ಲ.

ನೋಡಲು ಬಂದವರಿಗೆಲ್ಲ ಇವರದು ಒಂದೇ ಮಾತು: ನನ್ನದೇ ತಪ್ಪು, ಅವಸರ ಮಾಡಿದೆ. ಸಾವಳಗಿಯಿಂದ ಬಂದ ನಾದಿನಿ ಮಾತ್ರ ನನ್ನ ಕಡೆ ತಿರುಗಿ ಕೇಳಿದಳು. "ಇಷ್ಟ ಕಲತಾಕಿ ಮನ್ಯಾಗಿದ್ದು, ಹಂಗ ಮಾಡಬ್ಯಾಡ್ರಿ ಅಂತ ಹೇಳಾಕ ಆಗಲಿಲ್ಲನ ನಿನಗ?"

ನಾನು ಆಗಿನ್ನೂ ಬಸ್ಸಿನಲ್ಲಿದ್ದೆ ಎಂದೆ. ಇವರು ಮಂಚದ ಮೇಲೆ ಕಣ್ಣುಮುಚ್ಚಿ ಮಲಗಿದ್ದರು. ಎಚ್ಚರವಿತ್ತೋ ಇಲ್ಲವೋ ತಿಳಿಯಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೂ ಆಡಿದ ಮಾತು ತಿರುಗಿ ತೆಗೆದುಕೊಳ್ಳಲಿಲ್ಲ.

ಅಂದಿನಿಂದ ಒಂದೇ ಲೆಕ್ಕಾಚಾರ ಹಿಡಿದು ಕೂತೆ. ಅವತ್ತು ಬಾಗಿಲ ಬೆಳಕು ನನ್ನ ಬೆನ್ನಿಗಿತ್ತು, ಆದ್ದರಿಂದ ನನ್ನ ಕೈ ಇವರಿಗೆ ಕಂಡಿರಲಿಕ್ಕಿಲ್ಲ. ಕಂಡಿರದಿದ್ದರೆ ಅವರೇ ತಾವಾಗಿ ಪಟ್ಟಾಕ್ಕೆ ರಾಳ ಒತ್ತಿದ್ದು, ನನ್ನ ಸನ್ನೆಗೂ ಅದಕ್ಕೂ ಸಂಬಂಧವಿಲ್ಲ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಉತ್ತರ ಪತ್ರಿಕೆ ತಿದ್ದುವಾಗ ಇದನ್ನೇ ಹೇಳಿಕೊಂಡೆ. ಒಂದು ದಿನ ಇವರು ಓಣಿಗೆ ಹೋದಾಗ ಸ್ವಿಚ್ಚಿನ ಹತ್ತಿರ ನಿಂತು ಬಾಗಿಲ ಕಡೆ ನೋಡಿದೆ. ಹಾದುಹೋಗುತ್ತಿದ್ದ ನೆರೆಮನೆಯವಳ ಮೂಗುತಿ ಕೂಡ ಕಾಣಿಸಿತು. ಆದರೂ ನಾನು ಲೆಕ್ಕ ಬದಲಿಸಲಿಲ್ಲ. ಅವತ್ತು ಮೋಡವಿತ್ತಲ್ಲ ಎಂದುಕೊಂಡೆ.

ಒಂದು ಮಗ್ಗ ಮಾರಿದೆವು. ಇನ್ನೊಂದನ್ನು ಇವರು ಎಡಗೈಯಿಂದ ನಡೆಸುತ್ತಾರೆ. ನೂಲು ಹರಿದರೆ ಗಂಟು ಹಾಕಲು ಬರುವುದಿಲ್ಲ, ಹೆಬ್ಬೆರಳು ಕಿರುಬೆರಳಿಗೆ ಮುಟ್ಟುವಷ್ಟರಲ್ಲಿ ನೂಲು ಜಾರಿರುತ್ತದೆ.

ಹೋದ ರವಿವಾರ ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗ ನಿಂತಿತು. ಇಬ್ಬರೇ ಇದ್ದೆವು. ಇವರು ಬಾಗಿ ಹರಿದ ಎಳೆಯೊಂದರ ಜೊತೆ ಹೆಣಗುತ್ತಿದ್ದರು. ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ. ಕೊನೆಗೆ ತಡೆಯಲಾಗಲಿಲ್ಲ.

"ಅವತ್ತ ನಾ ಬಾಗಲದಾಗಿದ್ನಿರಿ. ನಿಲ್ಲಿಸಬ್ಯಾಡ್ರಿ ಅಂತ ಕೈ ಮಾಡಿದ್ನಿ. ನಿಮಗ ಕಾಣಸಿತ್ತನ?"

"ಕಾಣಸಿತ್ತು," ಅಂದರು. ತಲೆ ಎತ್ತಲಿಲ್ಲ.

ಹಾಗಾದರೆ ನನ್ನ ಮಾತು ಯಾಕೆ ಕೇಳಿದಿರಿ, ಎಂದೂ ಓಡುವ ಪಟ್ಟಾಕ್ಕೆ ರಾಳ ಹಚ್ಚಿದವರಲ್ಲವಲ್ಲ ನೀವು ಎಂದು ಕೇಳಿದೆ. ನನ್ನ ದನಿ ಬೈದಂತೆಯೇ ಏರಿತ್ತು.

ಇವರು ಎಳೆಯ ಇನ್ನೊಂದು ತುದಿಯನ್ನು ಹುಡುಕಿ ಹಿಡಿದರು. "ಸಾಲ್ಯಾಗ ಇದನ್ನ ಕಲಸಾಕಿ ನೀ. ನಿನಗ ಗೊತ್ತಿದ್ದ ಹೇಳಾಕತ್ತಿ ಅಂತ ತಿಳದ್ನಿ."

ಹಾಗಂದು, ಹರಿದ ನೂಲಿನ ಎರಡೂ ತುದಿಗಳನ್ನು ನನ್ನ ಕಡೆ ಚಾಚಿದರು. ನಾನು ಗಂಟು ಹಾಕಿಕೊಟ್ಟೆ. ಅವರ ಮುಖದಲ್ಲಿ ಸಿಟ್ಟು ಹುಡುಕಿದೆ, ಇರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.