ಕಿಟಕಿಯಾಚೆಯ ಫಲಕ

ಎರಡು ತಿಂಗಳ ಪೆಟ್ರೋಲ್ ದುಡ್ಡನ್ನು ಮೆಷಿನ್ ಕಂಪನಿ ಅವನಿಗೆ ಇನ್ನೂ ಕೊಟ್ಟಿಲ್ಲ. ಆದರೂ ಹಾಲಿನ ಫ್ಯಾಟ್ ಅಳೆಯುವ ಮೆಷಿನ್ ಮುನಿಸಿಕೊಂಡಿದೆ ಎಂದರೆ ಸಾಕು, ತ್ಯಾಮಗೊಂಡ್ಲು ಸುತ್ತಿನ ಯಾವ ಡೈರಿಗಾದರೂ ಮೆಕ್ಯಾನಿಕ್ ಮುನಿಕೃಷ್ಣ ಕೊರಳಿಗೆ ಕೇಬಲ್ಲಿನ ಹಾರ ಹಾಕಿಕೊಂಡು ಮದುವೆ ಗಂಡಿನಂತೆ ಹಾಜರು. ಮೆಷಿನ್ನೂ ಕಂಪ್ಯೂಟರೂ ಒಂದೇ ವೇಗದಲ್ಲಿ ಮಾತಾಡದಿದ್ದರೆ ಪರದೆಯ ಮೇಲೆ ಅಂಕಿಯ ಬದಲು ಬರೀ ಕಸ ಬೀಳುತ್ತದೆ. ಆ ಕಸ ಕಂಡರೆ ಅವನಿಗೆ ಹಬ್ಬ. "ಇವೆರಡೂ ಅತ್ತೆ ಸೊಸೆ ಕಣಣ್ಣಾ, ಒಬ್ಳು ಬಿರುಸು, ಒಬ್ಳು ನಿಧಾನ. ಇರಿ, ರಾಜಿ ಮಾಡಿಸ್ತೀನಿ" ಎನ್ನುತ್ತ ಗುಂಡಿ ಒತ್ತುತ್ತಾನೆ, ಅಂಕಿ ಮೂಡಿದರೆ ಹಾಲಿನ ಕ್ಯಾನನ್ನೇ ತಮಟೆ ಮಾಡಿ ಬಾರಿಸುತ್ತಾನೆ. "ನನ್ ಕಂಪ್ಯೂಟ್ರಿಗೆ ಅಂಕಿ ಬಂತಲ್ಲ, ಹೊರಡಪ್ಪಾ" ಎಂದು ಒಂದು ಡೈರಿಯ ಕಾರ್ಯದರ್ಶಿ ಅಪ್ಪಯ್ಯಣ್ಣ ಮೊನ್ನೆ ಅವಸರಪಡಿಸಿದರೂ ಆಸಾಮಿ ಕದಲಲಿಲ್ಲ. ಮೆಷಿನ್ನಿನ ಬೆನ್ನಿಗೆ ವೈರು ಸಿಕ್ಕಿಸುವ ಇನ್ನೊಂದು ಪೋರ್ಟ್ ಇರುತ್ತದೆ; ಹಾಲು ಹಾಕುವವರಿಗೆ ಕಿಟಕಿಯಾಚೆ ಅದೇ ಅಂಕಿ ತೋರಿಸುವ ಫಲಕಕ್ಕೆಂದೇ ಇಟ್ಟದ್ದು. ಅದನ್ನೂ ಹೊಂದಿಸಿ, ವೈರು ಎಳೆದು, ಫಲಕ ಬೆಳಗಿದ ಮೇಲೆಯೇ ಅವನು ಬೈಕ್ ಹತ್ತುವುದು. "ಅಯ್ಯೋ, ನನ್ ಹಾಲಿನ ಫ್ಯಾಟು ನಾಲ್ಕು ಐತೆ ಕಣ್ರೋ! ದಿನಾ ಮೂರು ಅಂತ ಬರ್ಕೊಂಡ್ರಲ್ಲಾ?" ಎಂದು ಹಾಲು ಹಾಕಲು ಬಂದ ಪಾಪಕ್ಕ ಫಲಕ ನೋಡಿ ಕೂಗಿದಾಗ, ಅಪ್ಪಯ್ಯಣ್ಣ ಬೀಳದ ಪೆನ್ನನ್ನು ಮೇಜಿನಡಿ ಹುಡುಕುತ್ತಿದ್ದರು. ಲೆಕ್ಕದಲ್ಲಿ ಫ್ಯಾಟ್ ಇಳಿದರೆ ಹಾಲಿಗೆ ಸಿಗುವ ದರವೂ ಇಳಿಯುತ್ತದೆ. ನಿಮ್ಮೂರ ಡೈರಿಯಲ್ಲಿ ಆ ಫಲಕ ಉರಿಯುತ್ತಿದೆಯೇ? ನಾಳೆ ಬೆಳಗ್ಗೆ ಹಾಲು ಸುರಿಯುವ ಮುಂಚೆ ಕೇಳಿ, ಉರಿಯುವವರೆಗೂ ಸುರಿಯಬೇಡಿ.