ಮಚ್ಚೆಯಿಲ್ಲದ ಸೊಪ್ಪು

ಕಂಪಲಾಪುರದ ಚಾಮುಂಡಮ್ಮನಿಗೆ ಯಾರನ್ನೂ ಸುಮ್ಮನೆ ನಂಬಿ ಅಭ್ಯಾಸವಿಲ್ಲ. ಇಪ್ಪತ್ತೈದು ವರ್ಷದಿಂದ ಊರವರ ಹೊಗೆಸೊಪ್ಪು ವಿಂಗಡಿಸುವ ಕೂಲಿ ಅವಳದು. ಮೇಲೆ ಚಿನ್ನದ ಬಣ್ಣದ ಎಲೆ ಹೊದಿಸಿ ಒಳಗೆ ಕರಿ ಎಲೆ ತುರುಕಿದ ಕಟ್ಟುಗಳನ್ನು ಕಂಡು ಕಂಡು, ದೇವರ ಪ್ರಸಾದವೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ತಿರುವಿ ನೋಡಿಯೇ ತೆಗೆದುಕೊಳ್ಳುವಳು.

ಹೋದ ವರ್ಷ ಒಂದು ಸಂಜೆ ಅವಳ ಮಗ ವಸಂತ್ ಕೆರೆ ಏರಿಯ ಮೇಲೆ ಕೊಲೆಯಾಗಿ ಬಿದ್ದಿದ್ದ. ಕಾಡಂಚಿನ ಹಾಡಿಯ ಕಾಳನ ಹತ್ತಿರ ವಸಂತನ ಫೋನು ಸಿಕ್ಕಿತು. ದಾರಿಯಲ್ಲಿ ಬಿದ್ದಿತ್ತು ಎಂದ ಕಾಳ. ಕೋರ್ಟು ನಂಬಲಿಲ್ಲ, ಅಪರಾಧಿ ಎಂದಿತು. ಕಟಕಟೆಯಲ್ಲಿ ನಿಂತವನಿಗೆ ಚಾಮುಂಡಮ್ಮನೂ ಶಾಪ ಹಾಕಿ ಬಂದಿದ್ದಳು. ಶಿಕ್ಷೆ ಹೇಳುವುದು ಸೋಮವಾರ.

ಶನಿವಾರ ಬೆಳಿಗ್ಗೆ ಕನಕರಾಜು ಕೋರ್ಟಿಗೆ ಕೊಡುವ ಅರ್ಜಿ ಹಿಡಿದು ಬಂದ. ಕಾಳ ಕೂಲಿಗಿದ್ದದ್ದು ಅವನ ಹತ್ತಿರವೇ. ಗಲ್ಲೇ ಆಗಬೇಕೆಂದು ನೂರು ಜನ ರುಜು ಹಾಕಿದ್ದರು. ಎಲ್ಲರಿಗಿಂತ ಮೇಲೆ ತಾಯಿಗೆಂದು ಜಾಗ ಬಿಟ್ಟಿತ್ತು.

"ಒತ್ತವ್ವ. ನಿನ್ನ ಎಬ್ಬೆಟ್ಟು ಬಿದ್ರೆ ಅವ್ನು ಉಳಿಯಾಕಿಲ್ಲ."

"ಅದ್ಕೇ ಭಯ ಕಣಪ್ಪ."

"ಮಗನ್ನ ಕೊಂದೋನ್ ಮ್ಯಾಲೆ ಮರುಕವಾ?"

"ಮರುಕ ಅಲ್ಲ, ಅನ್ಮಾನ. ಆವತ್ತು ಸಂಜೆ ಕಾಳ ಎಲ್ಲಿದ್ದ?"

"ನಮ್ಮ ಬ್ಯಾರನ್ನಲ್ಲಿ ಬೆಂಕಿ ಆಕ್ತಿದ್ದ. ನಡುವೆ ಎರಡು ಗಂಟೆ ಎದ್ದೋಗವ್ನೆ ಅಂತ ಕೋರ್ಟಲ್ಲೇ ಏಳಿದ್ನಲ್ಲ."

ಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆ ಐದು ದಿನ ಹದ ತಪ್ಪದೆ ಉರಿಯಬೇಕು. ಒಂದೆರಡು ಗಂಟೆ ತಗ್ಗಿದರೂ ಎಲೆಗೆ ಮಚ್ಚೆ ಬೀಳುತ್ತದೆ. ಮಗನ ತಿಥಿ ಕಳೆದ ಮೇಲೆ, ಆವತ್ತು ಆ ಬ್ಯಾರನ್ನಿನಲ್ಲಿದ್ದ ಸೊಪ್ಪನ್ನು ಚಾಮುಂಡಮ್ಮನೇ ವಿಂಗಡಿಸಿದ್ದಳು. ಒಂದೇ ಒಂದು ಮಚ್ಚೆಯೂ ಇರಲಿಲ್ಲ. ಕಣ್ಣೀರಿನಲ್ಲಿ ಎಲೆ ಕಂಡಿತ್ತೇ ಹೊರತು, ಒಲೆ ತಗ್ಗಿಯೇ ಇರಲಿಲ್ಲ ಎಂಬ ಅದರ ಅರ್ಥ ಕಂಡಿರಲಿಲ್ಲ.

"ಅವ್ನು ಎದ್ದೋದಾಗ ಒಲೆ ನೋಡ್ಕೊಂಡೋರು ಯಾರು?"

"ನಾನೇ ಅನ್ಕೊ."

"ನೀನಾ? ಗ್ಯಾಸ್ ಅಚ್ಚಾಕೂ ಎಂಡ್ರನ್ನ ಕರೀತಿಯಲ್ಲೋ."

ಕನಕರಾಜು ನಗಲಿಲ್ಲ. ಅರ್ಜಿ ಮಡಚಿಕೊಂಡು ಎದ್ದುಹೋದ. ಇವನಿಗೆ ಇಷ್ಟು ಅವಸರ ಯಾಕೆಂಬುದು ಅವಳಿಗೆ ಬಗೆಹರಿಯಲಿಲ್ಲ.

ಒಳಗಿನಿಂದ ಕೇಳಿಸಿಕೊಂಡ ಮಗಳು ರಮ್ಯ ಬಾಗಿಲಿಗೆ ಬಂದಳು. "ಕಾಳನೇ ಮಾಡಿದ್ರೆ, ಅಮ್ಮ?"

"ಇದ್ರೂ ಇರ್ಬೋದು ಕಣೆ. ಅವ್ನ್ ಮ್ಯಾಲೂ ನನ್ಗೆ ಅನ್ಮಾನವೇ. ಅಂಗಿದ್ರೆ ಜೈಲಲ್ಲಿರ್ಲಿ. ಸೊಪ್ಪು ತಪ್ಪು ಕಟ್ಟಿದ್ರೆ ಬಿಚ್ಚಿ ಕಟ್ತೀನಿ. ನೇಣು ಬಿಚ್ಚಿದ್ರೆ ಉಸ್ರು ಬತ್ತದಾ? ಒಂದು ಸಾವು ಅಣೇಲಿ ಬರ್ದಿತ್ತು, ಒತ್ಕೊಂಡಿವ್ನಿ. ಇನ್ನೊಂದ ನಾನೇ ಬಾಯ್ಬುಟ್ಟು ಕೇಳಿ ಇಸ್ಕೊಂಡ್ರೆ ಮಾದಪ್ಪನ ಮುಂದೆ ಯಾವ ಮೊಕ ಇಟ್ಕೊಂಡು ನಿಂತ್ಕೊಳ್ಲಿ? ಪೆನ್ನು ತಕ್ಕೊ."

ರಮ್ಯ ಬರೆದಳು. ಗಲ್ಲು ಬೇಡ. ಆ ಬ್ಯಾರನ್ನಿನ ಸೊಪ್ಪಿಗೆ ಮಚ್ಚೆ ಇರಲಿಲ್ಲ, ವಿಂಗಡಿಸಿದವಳು ನಾನೇ, ಮತ್ತೆ ವಿಚಾರಿಸಿ.

ಸೋಮವಾರ ಕೋರ್ಟಿಗೆಂದು ಹತ್ತಿದ ಹುಣಸೂರಿನ ಬಸ್ಸಿನಲ್ಲಿ ಚಾಮುಂಡಮ್ಮ ಕಾಗದವನ್ನು ಕಂಡಕ್ಟರನ ಕೈಗಿತ್ತಳು.

"ಏನು ಬರ್ದವ್ಳೆ, ವಸಿ ಓದಪ್ಪ."

ರಮ್ಯ ಸಿಟ್ಟಿನಿಂದ ಕಿಟಕಿಯತ್ತ ಮುಖ ತಿರುಗಿಸಿದಳು. ಕಂಡಕ್ಟರ್ ಮೆಲ್ಲಗೆ ಓದಿದ. ಇನ್ನೊಂದು ಸಲ ಓದಿಸಿಕೊಂಡ ಮೇಲೆ ಚಾಮುಂಡಮ್ಮ ಮಗಳ ಪೆನ್ನಿನ ಮಸಿಯನ್ನು ಬೆರಳಿಗೆ ಬಳಿದುಕೊಂಡು, ಬಸ್ಸು ನಿಲ್ಲುವುದನ್ನು ಕಾದು, ಹೆಬ್ಬೆಟ್ಟು ಒತ್ತಿದಳು.