ತಾಮ್ರದ ಮುಖವಾಡ ಯಾರದು

ಮದುವೆಯಾಗಿ ರಾಣೆಬೆನ್ನೂರಿಗೆ ಬಂದ ಮೊದಲ ಭಾನುವಾರ. ಬೆಳಿಗ್ಗೆ ಪಡಸಾಲೆಗೆ ಬಂದರೆ ಒಂಬತ್ತು ವರ್ಷದ ಹುಡುಗಿ ಟಿವಿಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ನನ್ನ ಗಂಡನ ಮೊದಲ ಹೆಂಡತಿಯ ಮಗಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳು ಎದ್ದು ಮಣೆಯನ್ನು ಒಂದು ಗೇಣು ಆಚೆ ಸರಿಸಿ ಮತ್ತೆ ಕೂತಳು.

ಟಿವಿಯಲ್ಲಿ ತಾಮ್ರದ ಬಣ್ಣದ ಮುಖವಾಡ ಹಾಕಿದ ಮನುಷ್ಯನೊಬ್ಬ ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಹಾರುತ್ತಿದ್ದ. ಹಿಂದಿ ಧಾರಾವಾಹಿ. ಅವನಿಗೆ ಆ ಶಕ್ತಿ ಹೇಗೆ ಬಂತು, ಯಾರ ಮಗ, ಯಾವ ಊರು, ಒಂದನ್ನೂ ಹೇಳಲಿಲ್ಲ. ನೋಡುವವರಿಗೆಲ್ಲ ಮೊದಲೇ ಗೊತ್ತು ಎನ್ನುವ ಹಾಗೆ ಕಥೆ ನಡೆದಿತ್ತು. ಬೆಂಕಿಯಲ್ಲಿ ಸಿಕ್ಕವರನ್ನು ಅವನು ಹೊತ್ತು ತಂದರೂ ಜನ ಅವನಿಗೆ ಬೆನ್ನು ಹಾಕಿ ಹೋಗುತ್ತಿದ್ದರು. ಒಬ್ಬ ಮುದುಕಿಯಂತೂ ಅವನ ಮುಖದ ಮೇಲೇ ಬಾಗಿಲು ಬಡಿದಳು. ಮಾತಿಗೊಂದು ದಾರಿ ಸಿಕ್ಕಿತು ಅಂದುಕೊಂಡು ನಾನು ಬಾಯಿ ಹಾಕಿದೆ.

"ಈ ಮುದುಕೀನ ಇವನ ವೈರಿ, ಅಲ್ಲೇನು?"

ಹುಡುಗಿ ನನ್ನ ಕಡೆ ತಿರುಗಲೂ ಇಲ್ಲ. "ಹಿಂದಿನ ಕಥಿ ಗೊತ್ತಿಲ್ಲಂದ್ರ ಸುಮ್ಮ ಕುಂತು ನೋಡ್ರಿ" ಅಂದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ತವರೂರು ಅಗಡಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಹಾವೇರಿಯ ಒಂದು ಶಾಲೆಯಲ್ಲಿ ಆರು ವರ್ಷ ಹಿಂದಿ ಕಲಿಸಿದವಳು ನಾನು. ನಲವತ್ತು ಮಕ್ಕಳನ್ನು ಕಣ್ಣಿನಲ್ಲೇ ಕೂರಿಸುತ್ತಿದ್ದೆ. ಈ ಒಂದು ಹುಡುಗಿ ನನ್ನನ್ನು ಕೂರಿಸಿಬಿಟ್ಟಳಲ್ಲ ಎಂದು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಮೂವತ್ತು ದಾಟಿದ ಮೇಲೆ ಬಂದ ಸಂಬಂಧ. ಅವರಿಗೆ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಹೆಂಡತಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಮಗಳ ವಿಷಯ ಎತ್ತಿದರೆ "ಅಕಿ ಎಲ್ಲಾರ ಜೋಡೀನೂ ಹಂಗ, ನೀ ಮನಸಿಗೆ ಹಚ್ಕೋಬ್ಯಾಡ" ಅನ್ನುತ್ತಿದ್ದರು. ಎಲ್ಲರ ಜೊತೆ ಅವಳು ಹಾಗಿರಲಿಲ್ಲ. ಓಣಿಯ ಹುಡುಗಿಯರ ಜೊತೆ ಕುಂಟಾಟ ಆಡುವಾಗ ಅವಳ ನಗು ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ನನ್ನನ್ನು ಚಿಗವ್ವ, ಅಂದರೆ ಚಿಕ್ಕಮ್ಮ, ಅನ್ನು ಎಂದು ಅವಳಪ್ಪ ಹೇಳಿಕೊಟ್ಟಿದ್ದರು. ಅವಳು ಅನ್ನಲಿಲ್ಲ. ತೀರಾ ಬೇಕಾದಾಗ "ರೀ" ಅನ್ನುತ್ತಿದ್ದಳು, ಬಸ್ಸಿನಲ್ಲಿ ಸರಿದು ಕೂಡಲು ಹೇಳುವವರ ಹಾಗೆ. ಆ ಹುಡುಗಿ ನನ್ನನ್ನು ಏನಾದರೂ ಒಂದು ಕರೆಯಲಿ ಎಂದು ನಾನು ಆಸೆಪಟ್ಟಷ್ಟು ಆ ವರ್ಷ ಬೇರೆ ಯಾವುದಕ್ಕೂ ಆಸೆಪಡಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ನಮ್ಮಲ್ಲಿ ಎರಡನೆಯವಳಾಗಿ ಬಂದವಳು ತೀರಿಹೋದವಳ ಹೆಸರಿನಲ್ಲಿ ಒಂದು ಸಣ್ಣ ಬೆಳ್ಳಿ ಬಿಲ್ಲೆ ಮಾಡಿಸಿ ತಾಳಿಯ ಪಕ್ಕದಲ್ಲಿ ಹಾಕಿಕೊಳ್ಳಬೇಕು. ಹಬ್ಬಕ್ಕೆ ತಂದ ಹೊಸ ಸೀರೆಯನ್ನು ಮೊದಲು ಅವಳ ಮುಂದಿಟ್ಟು ಕುಂಕುಮ ಹಚ್ಚಿ, ಆಮೇಲೆ ತಾನು ಉಡಬೇಕು. ನಾನು ಎಲ್ಲವನ್ನೂ ಮಾಡಿದೆ, ಆದರೆ ಒಳಗೊಳಗೇ ಉರಿದುಕೊಂಡು ಮಾಡಿದೆ. ಮುಖ ಕಾಣದ, ದನಿ ಕೇಳದ ಒಬ್ಬಳನ್ನು ಕೊರಳಲ್ಲಿ ಹೊತ್ತುಕೊಂಡು ತಿರುಗಲು ನನಗೆ ಭಯವೂ ಆಗುತ್ತಿತ್ತು, ಅವಮಾನವೂ ಆಗುತ್ತಿತ್ತು. ಸ್ನಾನಕ್ಕೆ ಹೋದಾಗ ಆ ಬಿಲ್ಲೆಯನ್ನು ಬೆನ್ನ ಹಿಂದಕ್ಕೆ ತಳ್ಳಿಬಿಡುತ್ತಿದ್ದೆ.

ಭಾನುವಾರ ಮಾತ್ರ ಬಿಡಲಿಲ್ಲ. ಕರೆಂಟು ಇದ್ದ ಭಾನುವಾರವೆಲ್ಲ ಹೋಗಿ ಅವಳ ಹಿಂದೆ ಕೂತೆ. ತಪ್ಪು ತಪ್ಪಾಗಿ ಕಥೆ ಕಟ್ಟಿ ಗಟ್ಟಿಯಾಗಿ ಹೇಳುವುದು, ಅವಳು ತಡೆಯಲಾರದೆ ತಿದ್ದುವುದು. ಮೊದಮೊದಲು ಅದು ನಿಜವಾದ ದಡ್ಡತನ, ಆಮೇಲೆ ಅರ್ಧ ನನ್ನ ಉಪಾಯ. ಹೀಗೆ ತಿಂಗಳೆರಡು ಕಳೆದ ಮೇಲೆ ಒಂದು ದಿನ ಅವಳಿಗೇ ಸಾಕಾಯಿತು.

"ಇಂವ ಮದಲನೇದಾಂವ ಅಲ್ರಿ. ಎರಡನೇದಾಂವ."

"ಅಂದ್ರ?"

"ಮದಲನೇದಾಂವ ಸತ್ತಾನ. ಈ ಮುಖವಾಡ ಅವಂದು. ಆ ಮುದುಕಿ ಅವನ ಅವ್ವ. ಇಂವ ಅದನ್ನ ತುಡುಗ ಮಾಡ್ಯಾನ, ಕಳ್ಳ ಇಂವ ಅಂತ ಎಲ್ಲಾರೂ ತಿಳ್ಕೊಂಡಾರ."

"ಮಾಡಿಲ್ಲೇನು?"

"ಇಲ್ಲ. ಅವರಿಗೇನು ಗೊತ್ತು? ಅವರು ಅವಾಗ ಅಲ್ಲಿ ಇದ್ದಿಲ್ಲ."

ಇದೆಲ್ಲ ಪುಸ್ತಕದಲ್ಲಿದೆಯಂತೆ, ಚಿತ್ರಕಥೆಯ ಪುಸ್ತಕದಲ್ಲಿ. ಆ ಪುಸ್ತಕ ಎಲ್ಲಿದೆ ಎಂದು ಕೇಳಿದ್ದಕ್ಕೆ ಎದ್ದು ಟಿವಿಯ ದನಿ ಏರಿಸಿದಳು. ಮುಂದಿನ ಸಲ ತವರಿಗೆ ಹೋದಾಗ ಹಾವೇರಿಯ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಹುಡುಕಿದೆ. ಅಂಗಡಿಯವನು "ಅದು ಹಳೇದ್ರೀ ಅಕ್ಕಾರ, ಈಗ ಬರಂಗಿಲ್ಲ" ಅಂದ. ಬರಿಗೈಯಲ್ಲಿ ಬಂದೆ.

ದಸರೆ ಮುಗಿದ ಮೇಲೆ ಬ್ಯಾಡಗಿಗೆ ಹೋದೆವು. ತೀರಿಕೊಂಡವಳ ತವರು ಎರಡನೆಯವಳಿಗೂ ತವರು ಎನ್ನುವುದು ವಾಡಿಕೆ. ಹುಡುಗಿಯ ಅಜ್ಜಿ, ಅಂದರೆ ಸತ್ತವಳ ತಾಯಿ, ನನಗೆ ಉಡಿ ತುಂಬಬೇಕಿತ್ತು. ಮೆಣಸಿನಕಾಯಿ ವ್ಯಾಪಾರದ ಮನೆ. ಒಳಗೆ ಕಾಲಿಟ್ಟ ಕೂಡಲೇ ನನಗೆ ಸಾಲು ಸೀನು. "ನಮ್ಮ ಊರಿಗೆ ಹೊಸಬರು ಅಂತ ಮೂಗ ಹೇಳತೈತಿ" ಎಂದು ಅಜ್ಜಿ ಅಂದರು. ನಗಲಿಲ್ಲ. ಕುಂಕುಮ ಹಚ್ಚುವಾಗ ನನ್ನ ಹಣೆಯನ್ನಷ್ಟೇ ನೋಡಿದರು, ಮುಖ ನೋಡಲಿಲ್ಲ. ಧಾರಾವಾಹಿಯ ಮುದುಕಿ ಬಾಗಿಲು ಬಡಿದಾಗ ಆ ಮುಖವಾಡದ ಒಳಗಿನವನಿಗೆ ಹೇಗಾಗಿರಬಹುದು ಎಂದು ನನಗೆ ಆ ಹೊತ್ತು ಗೊತ್ತಾಯಿತು.

ಊಟವಾದ ಮೇಲೆ ಹುಡುಗಿ ಬಂದು ಸೆರಗು ಎಳೆದಳು. ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ತಗಡಿನ ಟ್ರಂಕು ತೆರೆದಳು. ಏಳೆಂಟು ಚಿತ್ರಕಥೆಯ ಪುಸ್ತಕಗಳು. ಅವುಗಳಲ್ಲಿ ಅಂಚು ಹರಿದ, ಬೆನ್ನಿಗೆ ಬಟ್ಟೆ ಅಂಟಿಸಿದ ಒಂದನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಳು. ಮುಖಪುಟದಲ್ಲಿ ತಾಮ್ರದ ಮುಖವಾಡ.

"ನಿಮಗ ಹಿಂದಿ ಬರತೈತಲ್ಲ. ಓದ್ರಿ. ಕನ್ನಡದಾಗ ಹೇಳಿ ಓದ್ರಿ."

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವಳಿಗೆ ಹಿಂದಿ ಕಿವಿಗೆ ಅಷ್ಟಿಷ್ಟು ತಿಳಿಯುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಕ್ಲಾಸಿನಲ್ಲಿ ಓದುವ ಹಾಗೆ ದನಿ ಏರಿಸಿ ಇಳಿಸಿ ಓದಿದೆ. ಅವಳು ಮಂಡಿಗೆ ಮಂಡಿ ತಾಗಿಸಿ ಕೂತಿದ್ದಳು. ಹಾಗೇ ಕೊನೆಯ ಪುಟಕ್ಕೆ ಬಂದೆವು. ಬಿದ್ದ ಗೋಡೆಯ ಕೆಳಗೆ ಮೊದಲನೆಯವನು. ಪಕ್ಕದಲ್ಲಿ ಮೊಣಕಾಲೂರಿದ ಎರಡನೆಯವನು. ಇಬ್ಬರ ಕೈಯೂ ಮುಖವಾಡದ ಮೇಲೆ.

ಮೊದಲನೆಯವನ ಮಾತು ಓದಿದೆ. "'ಬ್ಯಾಡ. ಅದನ್ನ ಮುಟ್ಟಬ್ಯಾಡ...'"

ಅವಳು ಪುಟದ ಮೇಲೆ ಅಂಗೈ ಊರಿದಳು. "ಹಂಗಿಲ್ಲ ಅದು. ನೀವು ತಪ್ಪು ಓದಾಕತ್ತೀರಿ."

ನನಗೇ ಹಿಂದಿ ಕಲಿಸ್ತೀಯೇನು ಎಂಬ ಮಾತು ತುಟಿಯವರೆಗೆ ಬಂದಿತ್ತು. ಅವಳ ಬೆರಳುಗಳ ಸಂದಿಯಿಂದ ಎರಡನೆಯವನ ಮಾತೂ ಕಾಣುತ್ತಿತ್ತು. ನೀನು ಸಾಯಲಿ ಎಂದೇ ಕಾದಿದ್ದೆ, ಇನ್ನು ಇದು ನನ್ನದು ಎಂದು ಅಚ್ಚಾಗಿತ್ತು. ಪುಸ್ತಕದ ಪ್ರಕಾರ ಅವನು ಕಳ್ಳನೇ. ನಾನು ಪುಸ್ತಕವನ್ನು ಅವಳ ಕಡೆ ಸರಿಸಿ ಕೇಳಿದೆ.

"ಮತ್ತ ಹೆಂಗೈತಿ? ನೀ ಹೇಳು."

ಅವಳು ಒಂದೊಂದೇ ಮಾತಿನ ಗುಳ್ಳೆಯ ಮೇಲೆ ಬೆರಳಿಟ್ಟು, ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದಳು.

"'ನನಗ ಇನ್ನ ಏಳಾಕ ಆಗಂಗಿಲ್ಲ. ಇದನ್ನ ನೀ ಹಾಕ್ಕೋ. ಮಂದಿ ನಿನ್ನ ಬೈತಾರ. ಬೈಲಿ. ನಾ ಹೋದೆ ಅಂತ ಅವರಿಗೆ ಸಂಕಟ ಆಗಿರತೈತಿ, ಅದಕ್ಕ ಬೈತಾರ. ನೀ ಬ್ಯಾಸರ ಮಾಡ್ಕೋಬ್ಯಾಡ. ಬಿಟ್ಟು ಹೋಗಬ್ಯಾಡ.'"

"ಎರಡನೇದಾಂವ ಏನಂತಾನ?"

"ಅಂವ ಏನೂ ಅನ್ನಂಗಿಲ್ಲ."

"ನಿನಗ ಯಾರು ಓದಿ ಹೇಳಿದ್ರು?"

"ಅವ್ವ."

"ಹೌದು ನೋಡು" ಅಂದೆ. "ನಾನ ತಪ್ಪು ಓದಿದೆ. ಅಕ್ಷರ ಭಾಳ ಸಣ್ಣವು."

ಪಾಪ, ಅವಳ ತಾಯಿಗೆ ಹಿಂದಿ ಬರುತ್ತಿರಲಿಲ್ಲ, ಚಿತ್ರ ನೋಡಿ ಊಹಿಸಿ ಹೇಳಿದ್ದಾಳೆ ಅಂದುಕೊಂಡೆ. ಇದೊಂದರಲ್ಲಾದರೂ ನಾನು ಅವಳಿಗಿಂತ ಮೇಲು ಎಂದು ಒಂದು ಗಳಿಗೆ ಹಿಗ್ಗಿದ್ದೂ ನಿಜ. ಈಗ ಬರೆಯಲು ನಾಚಿಕೆಯಾಗುತ್ತದೆ.

ಸಂಜೆಯ ಚಹಾಕ್ಕೆ ನೀರಿಡುವಾಗ ಅಜ್ಜಿಯನ್ನು ಸುಮ್ಮನೆ ಕೇಳಿದಂತೆ ಕೇಳಿದೆ. "ಅವರಿಗೆ ಹಿಂದಿ ಅಷ್ಟು ಬರತಿದ್ದಿಲ್ಲೇನ್ರೀ?"

"ಯಾರಿಗೆ, ನನ್ನ ಮಗಳಿಗೇನು?" ಅಜ್ಜಿ ಮೊದಲ ಸಲ ನನ್ನ ಮುಖ ನೋಡಿದರು. "ಹಿಂದಿ ಅಂದ್ರ ಅಕಿಗೆ ನೀರ ಕುಡದಂಗ. ಹೊರಗಿನ ವ್ಯಾಪಾರಸ್ಥರು ಬರದ ಪತ್ರಾ ಎಲ್ಲಾ ಅವರಪ್ಪಗ ಅಕೀನ ಓದಿ ಹೇಳತಿದ್ಲು. ಆ ಚಿತ್ರದ ಪುಸ್ತಕದ ಹುಚ್ಚೂ ಸಣ್ಣಾಕಿದ್ದಾಗಿಂದ. ಕಡೀ ಮೂರು ತಿಂಗಳು ಇಲ್ಲೇ ಮಲಗಿದ್ಲವ್ವ. ಏಳಾಕ ಆಗತಿದ್ದಿಲ್ಲ. ಮಗಳನ್ನ ಬಾಜೂಕ ಕುಂದರಿಸ್ಕೊಂಡು ದಿನಾ ಅದೊಂದ ಪುಸ್ತಕ ಓದತಿದ್ಲು. ಬ್ಯಾರೇದು ಓದು ಅಂದ್ರ, ಇದ ಸಾಕವ್ವಾ, ಇದ ಬಾಯಿಪಾಠ ಆಗ್ಲಿ ಅಕಿಗೆ ಅಂತಿದ್ಲು."

ಒಲೆಯ ಮೇಲೆ ನೀರು ಉಕ್ಕಿತು, ನಾನು ನೋಡುತ್ತಲೇ ನಿಂತಿದ್ದೆ. ಅಕ್ಷರ ಚೆನ್ನಾಗಿ ಗೊತ್ತಿದ್ದವಳು ಅಲ್ಲಿದ್ದದ್ದನ್ನು ಬಿಟ್ಟು ಬೇರೆಯದನ್ನೇ ಓದಿದ್ದಳು. ಒಂದು ದಿನವಲ್ಲ, ಮೂರು ತಿಂಗಳು. ತನ್ನ ಜಾಗಕ್ಕೆ ಯಾರೋ ಬರುತ್ತಾರೆ, ಬಂದವಳನ್ನು ಮಗಳು ಕಳ್ಳಿ ಅಂದುಕೊಳ್ಳಬಾರದು ಎಂದು ಮಲಗಿದಲ್ಲೇ ಲೆಕ್ಕ ಹಾಕಿದ್ದಳು. ನಾನು ಯಾರು, ಹೇಗಿರುತ್ತೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ನನ್ನ ಪರವಾಗಿ ಮಾತಾಡಿ ಹೋಗಿದ್ದಳು. ಬೆನ್ನ ಹಿಂದೆ ಜಾರಿದ್ದ ಬಿಲ್ಲೆಯನ್ನು ಮುಂದಕ್ಕೆ ಎಳೆದುಕೊಂಡು ಅತ್ತುಬಿಟ್ಟೆ. ಅಜ್ಜಿ ಏನು ತಿಳಿದುಕೊಂಡರೋ, ತಮ್ಮ ಸೆರಗಿನಿಂದಲೇ ನನ್ನ ಮುಖ ಒರೆಸಿ, "ಖಾರದ ಘಾಟು, ರೂಢಿ ಆಗತೈತಿ" ಅಂದರು.

ರಾಣೆಬೆನ್ನೂರಿಗೆ ಬಂದ ಮೂರನೆಯ ದಿನ ಬಚ್ಚಲಿನಿಂದ ಕೂಗು ಬಂತು. "ಚಿಗವ್ವಾ, ಟವೆಲ್!" ನಾನು ಓಡಿದೆ.

ಧಾರಾವಾಹಿ ಕೆಲವು ತಿಂಗಳ ನಂತರ ಹೇಳದೆ ಕೇಳದೆ ನಿಂತುಹೋಯಿತು. ಆದರೆ ನನ್ನೊಳಗೆ ಒಂದು ಹೆದರಿಕೆ ಉಳಿಯಿತು. ಆರನೆಯ ತರಗತಿಗೆ ಹಿಂದಿ ಬರುತ್ತದೆ. ಅಕ್ಷರ ಕಲಿತ ದಿನ ಅವಳು ಆ ಪುಟವನ್ನು ತಾನೇ ಓದುತ್ತಾಳೆ. ಇನ್ನು ಇದು ನನ್ನದು ಎಂಬ ಮಾತು ಓದಿ, ತಲೆ ಎತ್ತಿ ನನ್ನನ್ನು ನೋಡುತ್ತಾಳೆ. ಓಣಿಯ ಮಕ್ಕಳಿಗೆಲ್ಲ ಹಿಂದಿ ಹೇಳಿಕೊಡುತ್ತಿದ್ದ ನಾನು ಮನೆಯ ಹುಡುಗಿಗೆ ಮಾತ್ರ ಇವತ್ತು ನಾಳೆ ಎಂದು ಮುಂದೂಡುತ್ತ ಹೋದೆ. "ಮನಿಗೆ ಮಾರಿ, ಊರಿಗೆ ಉಪಕಾರಿ" ಎಂದು ಗಂಡ ಚೇಷ್ಟೆ ಮಾಡಿದರು. ಅವರಿಗೆ ಕಾರಣ ಹೇಳಲಿಲ್ಲ.

ಬರಬೇಕಾದದ್ದು ಬಂದೇ ಬಂತು. ಶಾಲೆಯಲ್ಲಿ ಹಿಂದಿ ಚೆನ್ನಾಗಿಯೇ ಕಲಿತಳು. ಏಳನೆಯ ತರಗತಿಯ ಬೇಸಿಗೆ ರಜೆಯಲ್ಲಿ ಬ್ಯಾಡಗಿಗೆ ಹೋದವಳು ವಾಪಸು ಬರುವಾಗ ಆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಬಂದಳು. ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡಳು. ನಾನು ಮಂಡಕ್ಕಿ ಒಗ್ಗರಣೆ ಮಾಡಿ ಮುಚ್ಚಿಟ್ಟು, ಹೊರಗೆ ಕೂತೆ. ಒಳಗೆ ಕಾಗದ ಹರಿದ ಸದ್ದು. ಪುಸ್ತಕವನ್ನೇ ಹರಿಯುತ್ತಿದ್ದಾಳೆ ಅಂದುಕೊಂಡೆ. ಬಾಗಿಲು ಬಡಿಯಲು ಎದ್ದವಳು ಕೈ ಬಾರದೆ ಮತ್ತೆ ಕೂತೆ.

ಅವಳು ಒಂದು ಸಲ ಹೊರಗೆ ಬಂದು, ಅನ್ನದ ಪಾತ್ರೆಯಿಂದ ಒಂದಿಷ್ಟು ಅಗಳು ತೆಗೆದುಕೊಂಡು ಮತ್ತೆ ಒಳಗೆ ಹೋದಳು. ಕಣ್ಣು ಕೆಂಪಾಗಿದ್ದವು. ಬಹಳ ಹೊತ್ತಿನ ಮೇಲೆ ಬಂದು ಪುಸ್ತಕವನ್ನು ನನ್ನ ಮುಂದೆ ಬಿಚ್ಚಿ ಹಿಡಿದಳು. ಕೊನೆಯ ಪುಟ. ಹಿಂದಿ ಅಕ್ಷರ ಒಂದೂ ಕಾಣುತ್ತಿರಲಿಲ್ಲ. ನೋಟುಬುಕ್ಕಿನ ಹಾಳೆ ಹರಿದು, ಗುಳ್ಳೆಯ ಅಳತೆಗೆ ಕತ್ತರಿಸಿ, ಅನ್ನದ ಅಗಳಿನಿಂದ ಅಂಟಿಸಿದ್ದಳು. ಚೀಟಿಗಳ ಮೇಲೆ ಅವಳ ದುಂಡು ಕನ್ನಡ. ನನಗ ಇನ್ನ ಏಳಾಕ ಆಗಂಗಿಲ್ಲ. ಇದನ್ನ ನೀ ಹಾಕ್ಕೋ. ತಾಯಿ ಹೇಳಿದ್ದು ಒಂದಕ್ಷರ ಬಿಡದೆ.

"ಅವ್ವಗ ಹಿಂದಿ ಬರತಿತ್ತು" ಅಂದಳು.

"ಹೌದವ್ವ."

"ನೀನೂ ಅವತ್ತು ಸುಳ್ಳ ಹೇಳಿದಿ. ಅಕ್ಷರ ಸಣ್ಣವು ಅಂತ."

"ಹೌದು."

ಎರಡನೆಯವನ ಗುಳ್ಳೆಯ ಮೇಲೂ ಚೀಟಿ ಅಂಟಿಸಿದ್ದಳು. ಅದು ಖಾಲಿ ಇತ್ತು. ಅವಳು ಕೈಯಲ್ಲಿದ್ದ ಪೆನ್ನನ್ನು ನನಗೆ ಕೊಟ್ಟಳು.

"ಇದನ್ನ ನೀ ಬರಿ, ಚಿಗವ್ವ."

ಮೇಲಿನ ಚೀಟಿಯ ಕೊನೆಯ ಮಾತನ್ನು ಇನ್ನೊಮ್ಮೆ ಓದಿದೆ. ಬಿಟ್ಟು ಹೋಗಬ್ಯಾಡ. ಒಂದು ಕೈಯಲ್ಲಿ ಕೊರಳ ಬಿಲ್ಲೆಯನ್ನು ಹಿಡಿದುಕೊಂಡು, ಇನ್ನೊಂದು ಕೈಯಿಂದ ಖಾಲಿ ಚೀಟಿಯ ಮೇಲೆ ಬರೆದೆ. ಹೋಗಂಗಿಲ್ಲ. ಅಂಟು ಇನ್ನೂ ಹಸಿ ಇತ್ತು, ಶಾಯಿ ಸ್ವಲ್ಪ ಹರಡಿತು. ಒಣಗುವವರೆಗೂ ಇಬ್ಬರೂ ಪುಸ್ತಕವನ್ನು ಬಿಚ್ಚಿ ಹಿಡಿದುಕೊಂಡೇ ಕೂತೆವು.